ಕೆರೆಗೆ ಬಿಡುವ ಮುನ್ನ: ಅನ್ಯದೇಶದ ಪ್ರಾಣಿ, ಸಸ್ಯಗಳ ವಿಚಾರದಲ್ಲಿ ಕಾನೂನಿನ ದಾರಿ ಹಿಡಿಯುವುದು ಹೇಗೆ?

ಭಾನುವಾರದ ಬೆಳಗು. ಕೆರೆಯ ಮೆಟ್ಟಿಲ ಮೇಲೆ ಅಪ್ಪ, ಮಗಳು ನಿಂತಿದ್ದಾರೆ. ಅಪ್ಪನ ಕೈಯಲ್ಲಿ ಬಕೆಟ್, ಬಕೆಟ್ಟಿನೊಳಗೆ ತಟ್ಟೆಯಗಲದ ಆಮೆ. ಅಂಗಡಿಯಿಂದ ತಂದ ದಿನ ಅದು ಹತ್ತು ರೂಪಾಯಿ ನಾಣ್ಯದಷ್ಟಿತ್ತು. ಬೆಳೆಯುತ್ತಾ ಬಂತು, ಗಾಜಿನ ತೊಟ್ಟಿ ಸಾಲದಾಯಿತು, ನೀರು ಎರಡೇ ದಿನಕ್ಕೆ ನಾರತೊಡಗಿತು. "ಪಾಪ, ಇನ್ನಾದರೂ ಸ್ವತಂತ್ರವಾಗಿರಲಿ" ಎಂದು ಅಪ್ಪ ಬಕೆಟ್ ಬಗ್ಗಿಸುತ್ತಾರೆ. ಮಗಳು ಕೈ ಬೀಸುತ್ತಾಳೆ.

ಇಂಥ ದೃಶ್ಯವನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ಆ ಮನಸ್ಸಿನಲ್ಲಿ ಕೇಡು ಎಳ್ಳಷ್ಟೂ ಇರುವುದಿಲ್ಲ. "ದಯವಿಟ್ಟು ಬಿಡಬೇಡಿ" ಎಂದು ತಡೆದರೆ ಅವರು ಕೇಳುವ ಪ್ರಶ್ನೆ ಒಂದೇ: "ಹಾಗಾದರೆ ಏನು ಮಾಡಲಿ?" ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದ ಕಾರಣಕ್ಕೇ ಎಷ್ಟೋ ಆಮೆಗಳು, ಮೀನುಗಳು, ಬಳ್ಳಿಗಳು ನಮ್ಮ ನೀರು ಮತ್ತು ಕಾಡನ್ನು ಸೇರಿವೆ. ಆ ಉತ್ತರವನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಹೇಳಿರುವುದೆಲ್ಲ ಭಾರತದ ಕಾನೂನಿನ ಮಾತು. ರಾಜ್ಯದ ವಿಷಯ ಬಂದಲ್ಲಿ ಕರ್ನಾಟಕದ್ದು.

ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. "ಹೊರಗಿನ ಜೀವಿಯನ್ನು ಬಯಲಿಗೆ ಬಿಡಕೂಡದು" ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಕಾಯ್ದೆ ನಮ್ಮಲ್ಲಿಲ್ಲ. ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ 14ನೇ ಸೆಕ್ಷನ್ ಬಿಡುವ ಕ್ರಿಯೆಯನ್ನೇ ಅಪರಾಧವೆನ್ನುತ್ತದೆ. ನಮ್ಮ ಕಾನೂನು ಒಂದು ಮನೆಗೆ ಹಲವು ಬಾಗಿಲಿಟ್ಟ ಹಾಗಿದೆ: ಆಮದಿಗೆ ಒಂದು, ಸಾಕುವುದಕ್ಕೆ ಒಂದು, ಮಾರಾಟಕ್ಕೆ ಒಂದು, ಅಭಯಾರಣ್ಯಕ್ಕೆ ಇನ್ನೊಂದು. ನೀವು ಯಾವ ಬಾಗಿಲ ಮುಂದೆ ನಿಂತಿದ್ದೀರಿ ಎನ್ನುವುದು ಜೀವಿಯ ಹೆಸರಿನ ಮೇಲೆ ನಿಂತಿದೆ. ಹಾಗಾಗಿ ಕೆಲಸ ಶುರುವಾಗುವುದು ಹೆಸರಿನಿಂದ.

ಹಂತ 1: ಕೈಯಲ್ಲಿರುವುದು ಯಾವ ಜೀವಿ?

ಅಂಗಡಿಯವರು ಹೇಳಿದ ಹೆಸರನ್ನು ನೆಚ್ಚಬೇಡಿ. "ಟ್ಯಾಂಕ್ ಕ್ಲೀನರ್" ಎಂದು ಕೊಡುವ ಮೀನಿಗೆ ವೈಜ್ಞಾನಿಕ ಹೆಸರೊಂದಿದೆ, ಕಾನೂನು ಗುರುತಿಸುವುದು ಅದನ್ನೇ. ಬೆನ್ನು, ಹೊಟ್ಟೆ, ಪಕ್ಕ, ತಲೆ ಹೀಗೆ ನಾಲ್ಕು ಕೋನಗಳಿಂದ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಪಶುವೈದ್ಯರಿಗೋ, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ಅಥವಾ ಸಸ್ಯಶಾಸ್ತ್ರ ವಿಭಾಗಕ್ಕೋ ತೋರಿಸಿ.

ಆಮೆಯ ವಿಚಾರದಲ್ಲಿ ಈ ಎಚ್ಚರ ಬಹಳ ಮುಖ್ಯ. ಅಮೆರಿಕದಿಂದ ಬಂದ ಕೆಂಪು ಕಿವಿಯ ಆಮೆಗೆ ಕಣ್ಣಿನ ಹಿಂದೆ ಕುಂಕುಮದ ಬೆರಳಿನಲ್ಲಿ ಎಳೆದಂಥ ಕೆಂಪು ಪಟ್ಟೆ ಇರುತ್ತದೆ. ಕತ್ತು, ಕಾಲುಗಳ ಮೇಲೆ ಹಳದಿ ಗೆರೆಗಳು. ತಿರುಗಿಸಿ ನೋಡಿದರೆ ಹೊಟ್ಟೆಯ ಚಿಪ್ಪು ಹಳದಿ, ಅದರ ಮೇಲೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆಗಳು. ವಯಸ್ಸಾದ ಗಂಡುಗಳಲ್ಲಿ ಮೈ ಕಪ್ಪಾಗಿ ಪಟ್ಟೆ ಮಾಸಿರುತ್ತದೆ, ಆಗ ಮೋಸ ಹೋಗುವುದು ಸುಲಭ. ನಮ್ಮದೇ ಕೆರೆಗಳ ಮೆದುಚಿಪ್ಪಿನ ಆಮೆಯ ಬೆನ್ನು ಒದ್ದೆ ತೊಗಲಿನಂತೆ ನಯವಾಗಿರುತ್ತದೆ. ನಕ್ಷತ್ರ ಆಮೆಯ ಬೆನ್ನ ಮೇಲೆ ಹಳದಿ ಕಿರಣಗಳ ಚಿತ್ತಾರ ಇರುತ್ತದೆ. ಇವೆರಡೂ ವನ್ಯಜೀವಿಗಳು, ಇವನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ.

ಹೆಸರು ಗೊತ್ತಾದ ಮೇಲೆ ನಿಮ್ಮ ಜೀವಿ ಈ ನಾಲ್ಕು ಗುಂಪುಗಳಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ.

ಒಂದನೆಯದು, ಭಾರತದ ವನ್ಯಜೀವಿ. ನಕ್ಷತ್ರ ಆಮೆ, ಮೆದುಚಿಪ್ಪಿನ ಆಮೆ, ಕೊರಳಿಗೆ ಗುಲಾಬಿ ಬಳೆ ತೊಟ್ಟ ನಮ್ಮ ಹಸಿರು ಗಿಳಿ, ಮುನಿಯ ಹಕ್ಕಿಗಳು ಇದರಲ್ಲಿ ಬರುತ್ತವೆ. ಇವನ್ನು ಸಾಕುವ ಹಾಗಿಲ್ಲ. ಹಾಗೆಂದು ನೀವೇ ಒಯ್ದು ಕಾಡಿಗೆ ಬಿಡುವುದೂ ಸರಿಯಲ್ಲ. ಎಲ್ಲಿಂದ ಹಿಡಿದು ತಂದದ್ದೋ, ಯಾವ ರೋಗ ಹೊತ್ತಿದೆಯೋ ಯಾರಿಗೂ ಗೊತ್ತಿಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಎರಡನೆಯದು, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿ. ಬಾಲ್ ಪೈಥಾನ್, ಹಸಿರು ಇಗುವಾನ, ಆಫ್ರಿಕನ್ ಗ್ರೇ ಗಿಳಿ, ಮಕಾವ್, ಕಾಕಟೂ ಮುಂತಾದವು.

ಮೂರನೆಯದು, ಆ ಪಟ್ಟಿಯಲ್ಲಿಲ್ಲದ ವಿದೇಶಿ ಜೀವಿ. ಕೆಂಪು ಕಿವಿಯ ಆಮೆ, "ಟ್ಯಾಂಕ್ ಕ್ಲೀನರ್" ಎಂದು ಮಾರುವ ಸಕ್ಕರ್ ಮೀನು, ಬಜರಿಗರ್, ಕಾಕಟೀಲ್, ಅಕ್ವೇರಿಯಂ ಗಿಡಗಳು.

ನಾಲ್ಕನೆಯ ಗುಂಪನ್ನು ಬಹುತೇಕರು ನೆನಪಿಟ್ಟುಕೊಳ್ಳುವುದೇ ಇಲ್ಲ: ಭಾರತದ್ದೇ ಜೀವಿ, ಆದರೆ ಆ ನದಿಯದಲ್ಲ, ಆ ಬೆಟ್ಟದ್ದಲ್ಲ. ಇದರ ಬಗ್ಗೆ ಐದನೇ ಹಂತದಲ್ಲಿ ಹೇಳುತ್ತೇನೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮನಸ್ಸಿಗೆ ಅತಿ ಹೆಚ್ಚು ನೋವು ಕೊಡುವ ಕಥೆ ಅದು.

ಹಂತ 2: ಯಾವ ಕಾಯ್ದೆ ಅನ್ವಯಿಸುತ್ತದೆ?

ವನ್ಯಜೀವಿ (ಸಂರಕ್ಷಣೆ) ಕಾಯ್ದೆ 1972ರದು. ಅದರಲ್ಲಿ ಅರ್ಧ ಶತಮಾನ ಕಾಲ ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದ ಎಂಬ ಪದವೇ ಇರಲಿಲ್ಲ. 2022ರ ತಿದ್ದುಪಡಿ ಅದನ್ನು ತಂದಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈಗ ಕಾಯ್ದೆ ಕೊಡುವ ಅರ್ಥ ಹೀಗಿದೆ: ಭಾರತದ ಮೂಲದ್ದಲ್ಲದ, ಬಂದು ಸೇರಿದರೆ ಅಥವಾ ಹರಡಿದರೆ ವನ್ಯಜೀವಿಗೋ ಅದರ ನೆಲೆಗೋ ಕುತ್ತು ತರಬಲ್ಲ ಪ್ರಾಣಿ ಅಥವಾ ಸಸ್ಯ.

ಇದರ ಬೆನ್ನಿಗೆ ಬಂದದ್ದು ಸೆಕ್ಷನ್ 62ಎ. ಇಂಥ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಪ್ರಸರಣವನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ಅಧಿಸೂಚಿತ ಪ್ರಭೇದಗಳನ್ನು ಅಧಿಕಾರಿಗಳು ಜಪ್ತಿ ಮಾಡಬಹುದು, ನಾಶಪಡಿಸಲೂಬಹುದು. ಈ ಸೆಕ್ಷನ್ನನ್ನು ಓದುವಾಗ ಎರಡು ಸಂಗತಿ ಗಮನಿಸಿ. ಅಧಿಸೂಚನೆಯಲ್ಲಿ ಹೆಸರು ಬಂದ ಜೀವಿಗೆ ಮಾತ್ರ ಇದರ ಬಿಗಿ ತಟ್ಟುತ್ತದೆ. ಆದ್ದರಿಂದ ವೈಜ್ಞಾನಿಕ ಹೆಸರನ್ನು ಹಿಡಿದು ಕೇಂದ್ರ ರಾಜ್ಯಪತ್ರದ ಜಾಲತಾಣದಲ್ಲಿ ಹುಡುಕಬೇಕು. ಎರಡನೆಯದು, ಇಲ್ಲಿ "ಬಿಡುಗಡೆ" ಎಂಬ ಪದ ನೇರವಾಗಿ ಇಲ್ಲ, "ಪ್ರಸರಣ" ಎಂಬುದಿದೆ. ಬಿಡುವ ಕ್ರಿಯೆಯನ್ನು ಕಾಯ್ದೆ ಸ್ಪಷ್ಟವಾಗಿ ಹೆಸರಿಸಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಯ್ದೆಯ ಉಲ್ಲಂಘನೆಗೆ ಸೆಕ್ಷನ್ 51ರಲ್ಲಿರುವ ಸಾಮಾನ್ಯ ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಎರಡನೇ ಗುಂಪಿನ ಪ್ರಾಣಿಗೆ ಸೆಕ್ಷನ್ 49ಎಂ ಅನ್ವಯವಾಗುತ್ತದೆ. ಸೈಟಿಸ್ ಪಟ್ಟಿಯ ಪ್ರಾಣಿಗಳು ಈಗ ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿವೆ. 2024ರ ಫೆಬ್ರುವರಿ 28ರಂದು ಪ್ರಕಟವಾದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹಳೆಯದಾಗಿ ಸಾಕಿದವರಿಗೆ ಕೊಟ್ಟಿದ್ದು ಆರು ತಿಂಗಳು. ಹೊಸದಾಗಿ ಕೈಸೇರಿದರೆ 30 ದಿನ. ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಲೆಕ್ಕದಲ್ಲಿರುವ ಪ್ರಾಣಿಯನ್ನು ಯಾರಿಗೂ ಹೇಳದೆ ಬಯಲಿಗೆ ಬಿಟ್ಟರೆ ನೋಂದಣಿಯ ಪತ್ರವೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಹೆಬ್ಬಾವಿನಂಥ ಪ್ರಾಣಿ ತಪ್ಪಿಸಿಕೊಂಡು ಜನರಿಗೆ ಅಪಾಯವಾಗುವ ಸ್ಥಿತಿ ಬಂದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291ರ ಅಡಿ ನಿರ್ಲಕ್ಷ್ಯದ ಪ್ರಕರಣವೂ ಆಗಬಹುದು.

ಪಟ್ಟಿಯಲ್ಲಿ ಇರಲಿ, ಇಲ್ಲದಿರಲಿ, ಯಾವ ಪ್ರಾಣಿಗೂ ಅನ್ವಯಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಹಸಿವು, ಬಾಯಾರಿಕೆಯಿಂದ ನರಳುವ ಸಂಭವವಿರುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅದರ ಸೆಕ್ಷನ್ 11ರಂತೆ ಕ್ರೌರ್ಯ. ಆದರೆ ಮೊದಲ ಅಪರಾಧಕ್ಕೆ ಆ ಕಾಯ್ದೆ ಬರೆದಿರುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಷ್ಟು ಸಣ್ಣ ಮೊತ್ತಕ್ಕೆ ಯಾರೂ ಹೆದರುವುದಿಲ್ಲ ಎಂಬುದು ನನಗೆ ಗೊತ್ತು. ಪಂಜರದಲ್ಲೇ ಹುಟ್ಟಿ ಬೆಳೆದ ಬಜರಿಗರ್ ಹಕ್ಕಿಯನ್ನು "ಹಾರಿಹೋಗಲಿ" ಎಂದು ಬಿಡುವವರು ದಂಡದ ಲೆಕ್ಕ ಹಾಕುವುದು ಬೇಡ. ಕಾಳು ಹುಡುಕಲು ಬಾರದ ಆ ಹಕ್ಕಿ ಸಂಜೆಯ ಹೊತ್ತಿಗೆ ಏನಾಗುತ್ತದೆ ಎಂದು ಯೋಚಿಸಲಿ, ಸಾಕು.

ಸ್ಥಳದ ಕಾನೂನು ಬೇರೆಯೇ ಇದೆ. ಅಭಯಾರಣ್ಯದೊಳಗೆ ವನ್ಯಜೀವಿಯ ನೆಲೆಯನ್ನು ಯಾವುದೇ ಕ್ರಿಯೆಯಿಂದ ಹಾಳುಮಾಡುವುದನ್ನು ಸೆಕ್ಷನ್ 29 ತಡೆಯುತ್ತದೆ, ರಾಷ್ಟ್ರೀಯ ಉದ್ಯಾನಗಳಿಗೆ 35(6) ಇದೆ. ಕಾವೇರಿಯ ನಡುವಿನ ರಂಗನತಿಟ್ಟು ಅಭಯಾರಣ್ಯವೇ. ಅಲ್ಲಿ ಒಂದು ಸಕ್ಕರ್ ಮೀನನ್ನು ನೀರಿಗೆ ಬಿಡುವುದಕ್ಕೂ ಊರ ಹೊಂಡಕ್ಕೆ ಬಿಡುವುದಕ್ಕೂ ಕಾನೂನಿನ ಕಣ್ಣಲ್ಲಿ ಬಹಳ ವ್ಯತ್ಯಾಸವಿದೆ.

ಹಂತ 3: ಸಾಕಿದ ಪ್ರಾಣಿಯನ್ನು ಬಿಟ್ಟುಕೊಡುವ ದಾರಿ

ಈಗ ಬಕೆಟ್ ಹಿಡಿದ ಅಪ್ಪನ ಪ್ರಶ್ನೆಗೆ ಬರೋಣ.

ಮೊದಲು ಕೊಂಡ ಅಂಗಡಿಗೆ ಫೋನ್ ಮಾಡಿ, ಮರಳಿ ತೆಗೆದುಕೊಳ್ಳುವಿರಾ ಎಂದು ಕೇಳಿ. ಹಣ ವಾಪಸ್ ಕೇಳಬೇಡಿ, ಜೀವಿಗೆ ಜಾಗ ಕೇಳಿ. ಎಷ್ಟೋ ಅಂಗಡಿಗಳು ದೊಡ್ಡ ಮೀನುಗಳನ್ನು ಒಪ್ಪಿಕೊಳ್ಳುತ್ತವೆ. ಅಲ್ಲಿ ಆಗದಿದ್ದರೆ, ದೊಡ್ಡ ತೊಟ್ಟಿಯಿರುವ ಅನುಭವಿ ಸಾಕಣೆದಾರರನ್ನು ಹುಡುಕಿ. ಕೊಡುವಾಗ ಒಂದು ಹಾಳೆಯಲ್ಲಿ ಜೀವಿಯ ಹೆಸರು, ಸಂಖ್ಯೆ, ದಿನಾಂಕ, ಇಬ್ಬರ ಸಹಿ ಇರಲಿ. ಎರಡನೇ ಗುಂಪಿನ ಪ್ರಾಣಿಯಾದರೆ ಈ ಹಾಳೆ ಸಾಲದು, ಪರಿವೇಶ್ ಪೋರ್ಟಲ್‌ನಲ್ಲಿ ವರ್ಗಾವಣೆ ದಾಖಲಾಗಬೇಕು.

ನೋಂದಣಿಯನ್ನೇ ಮಾಡಿಸಿರದಿದ್ದರೆ? ಇಲ್ಲಿಯೇ ಜನ ಹೆದರಿ ರಾತ್ರೋರಾತ್ರಿ ಪ್ರಾಣಿಯನ್ನು ಪೊದೆಗೆ ಬಿಟ್ಟುಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಕೀಲರೊಬ್ಬರ ಸಲಹೆ ಪಡೆದು, ನೀವೇ ಮುಂದಾಗಿ ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸಿ. ಸಿಕ್ಕಿಬಿದ್ದವರಿಗೂ ತಾವಾಗಿ ಬಂದವರಿಗೂ ಅಧಿಕಾರಿಗಳು ನಡೆದುಕೊಳ್ಳುವ ರೀತಿ ಒಂದೇ ಆಗಿರುವುದಿಲ್ಲ.

ಮೂರನೇ ದಾರಿ, ಪುನರ್ವಸತಿ ಕೇಂದ್ರ ಅಥವಾ ಮಾನ್ಯತೆ ಪಡೆದ ಮೃಗಾಲಯ. ಜಾಗವಿಲ್ಲ ಎಂಬ ಉತ್ತರ ಬರಬಹುದು, ಅದಕ್ಕೆ ಸಿದ್ಧರಾಗಿರಿ. ಕರ್ನಾಟಕದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿದರೆ ಯಾವ ವಲಯ ಕಚೇರಿಯನ್ನು ಕಾಣಬೇಕೆಂದು ಹೇಳುತ್ತಾರೆ.

ಎಲ್ಲ ಬಾಗಿಲೂ ಮುಚ್ಚಿದಾಗ ಉಳಿಯುವುದು ಪಶುವೈದ್ಯರ ಕೈಯಲ್ಲಿ ನೋವಿಲ್ಲದ ದಯಾಮರಣ. ಇದನ್ನು ಬರೆಯಲು ನನಗೂ ಕಷ್ಟವಾಗುತ್ತದೆ. ಆದರೆ ಒಂದು ಆಮೆಯ ಮೇಲಿನ ಕರುಣೆ ಆ ಕೆರೆಯಲ್ಲಿ ಬಿಸಿಲು ಕಾಯುವ ಕಲ್ಲಿಗಾಗಿ, ಆಹಾರಕ್ಕಾಗಿ ಪೈಪೋಟಿಯಲ್ಲಿ ಸೋಲುವ ನಮ್ಮ ಆಮೆಗಳ ಮೇಲೂ ಇರಬೇಕಲ್ಲವೇ? ಮೀನನ್ನು ಶೌಚಾಲಯಕ್ಕೆ ಸುರಿಯುವುದು ದಯಾಮರಣವಲ್ಲ, ಅದು ಚರಂಡಿಯ ಮೂಲಕ ಕೆರೆಗೆ ಬಿಡುವ ಇನ್ನೊಂದು ವಿಧಾನ.

ಸಕ್ಕರ್ ಮೀನನ್ನು ಹತ್ತಿರದಿಂದ ನೋಡಿದವರಿಗೆ ಇದರ ಗಾಂಭೀರ್ಯ ಬೇಗ ತಿಳಿಯುತ್ತದೆ. ಕೊಳ್ಳುವಾಗ ಬೆರಳುದ್ದ, ಬೆಳೆದರೆ ಒಂದಡಿ ಮೀರುತ್ತದೆ. ಮೈತುಂಬ ಮೂಳೆಯ ಫಲಕಗಳ ಕವಚ, ಮುಟ್ಟಿದರೆ ಮರಳುಕಾಗದದಂತೆ ಒರಟು. ಬಲೆಗೆ ಸಿಕ್ಕರೆ ಈಜುರೆಕ್ಕೆಯ ಗಟ್ಟಿ ಮುಳ್ಳುಗಳು ದಾರಗಳಿಗೆ ಸಿಕ್ಕಿಕೊಂಡು, ಬಿಡಿಸುವಷ್ಟರಲ್ಲಿ ಬಲೆಯೇ ಹರಿದಿರುತ್ತದೆ. ಮೊಟ್ಟೆಯಿಡಲು ದಂಡೆಯ ಮಣ್ಣಿನಲ್ಲಿ ಬಿಲ ತೋಡುತ್ತದೆ. ಬಲೆ ಹರಿದುಕೊಂಡ ಮೀನುಗಾರರು ಅದನ್ನು ದಂಡೆಗೆಸೆದರೆ ಗಂಟೆಗಟ್ಟಲೆ ಬದುಕಿರುತ್ತದೆ. ಅವರ ನಷ್ಟವನ್ನು ಯಾವ ಅಕ್ವೇರಿಯಂ ಮಾಲೀಕರೂ ತುಂಬಿಕೊಡುವುದಿಲ್ಲ.

ಹಂತ 4: ಗಿಡ, ಬಳ್ಳಿ, ಬೀಜ

ಗಿಡದ ವಿಷಯದಲ್ಲಿ ಜನರಿಗೆ ಅಪರಾಧಿ ಭಾವ ಬರುವುದೇ ಇಲ್ಲ. ತೋಟದ ಕಸವನ್ನು ಕೆರೆಯಂಚಿಗೆ ಸುರಿದು ಬರುತ್ತಾರೆ. ಅಂತರಗಂಗೆ ಎಂದು ನಮ್ಮಲ್ಲಿ ಕರೆಯುವ ವಾಟರ್ ಹಯಾಸಿಂತ್ ಸಸ್ಯದ ತೊಟ್ಟನ್ನು ಸೀಳಿ ನೋಡಿ: ಸ್ಪಂಜಿನಂಥ ಗಾಳಿಗೂಡು. ಅದಕ್ಕೇ ತೇಲುತ್ತದೆ. ತಾಯಿಗಿಡದಿಂದ ಎಳೆಯೊಂದು ಚಾಚಿ ಅದರ ತುದಿಯಲ್ಲಿ ಮರಿಗಿಡ ಕೂರುತ್ತದೆ. ಎಳೆ ತುಂಡಾದರೆ ಎರಡು ಗಿಡ. ಅಕ್ವೇರಿಯಂ ಅಥವಾ ಕುಂಡದ ನೀರುಗಿಡ ಬೇಡವೆನಿಸಿದರೆ ನೀರಿನಿಂದ ದೂರದಲ್ಲಿ, ಬಿಸಿಲಲ್ಲಿ, ಮುರಿದರೆ ಚಟ್ಟೆನ್ನುವವರೆಗೆ ಒಣಗಿಸಿ. ಆಮೇಲೆ ಕಸಕ್ಕೆ ಹಾಕಿ. ಹಸಿಯಾಗಿ ಗೊಬ್ಬರದ ಗುಂಡಿಗೂ ಬೇಡ.

ಹೊರದೇಶದಿಂದ ಬೀಜ, ಗಿಡ ತರಿಸುವುದಕ್ಕೆ 1914ರ ವಿನಾಶಕಾರಿ ಕೀಟಗಳು ಮತ್ತು ಪೀಡೆಗಳ ಕಾಯ್ದೆ ಇದೆ. ಅದರ ಅಡಿಯಲ್ಲೇ 2003ರ ಸಸ್ಯ ಕ್ವಾರಂಟೈನ್ ಆದೇಶ ಬಂದಿದೆ. ಆಮದು ಪರವಾನಗಿ ಮತ್ತು ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ವಸ್ತು ತರಿಸುವಂತಿಲ್ಲ, ಅಂಚೆಯಲ್ಲಿ ಬರುವ ಪೊಟ್ಟಣಕ್ಕೂ ಇದೇ ನಿಯಮ. ಕೇಳದೆ ಬಂದ ಬೀಜದ ಪೊಟ್ಟಣಗಳ ಬಗ್ಗೆ ಕೇಂದ್ರ ಕೃಷಿ ಸಚಿವಾಲಯ 2020ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ಅಂಥದ್ದು ಬಂದರೆ ಬಿತ್ತಬೇಡಿ, ಎಸೆಯಲೂಬೇಡಿ. ಪೊಟ್ಟಣವನ್ನು ಹಾಗೆಯೇ ಕೃಷಿ ಇಲಾಖೆಗೆ ಒಪ್ಪಿಸಿ.

ನಿಮ್ಮದೇ ಜಮೀನಿನ ಕಳೆಯ ಮೇಲೂ ಕಾನೂನಿದೆ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡವಾಗಿ, ಇಡೀ ರಾಜ್ಯ ಹಬ್ಬಿತು. ಕರ್ನಾಟಕ ಸರ್ಕಾರ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯನ್ನು ಬಳಸಿ 1975ರಲ್ಲೇ ಅದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಘೋಷಣೆಯಾಗಿ ಐದು ದಶಕ ಕಳೆದರೂ ಗಿಡ ಎಲ್ಲೆಲ್ಲೂ ಇದೆ. ಹಬ್ಬಿದ ಮೇಲೆ ಕಾಗದದ ಕಾನೂನು ಎಷ್ಟು ಅಸಹಾಯಕ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಬೀಜದುಂಡೆ ಎಸೆಯುವ ಸಂಘಗಳಿಗೂ ಒಂದು ವಿನಂತಿ. ಉಂಡೆ ಕಟ್ಟುವ ಮುನ್ನ ಬೀಜದ ಚೀಲ ಸುರಿದು ಪರೀಕ್ಷಿಸಿ. ಬೇಗ ಮೊಳೆಯುತ್ತದೆ ಎಂಬ ಕಾರಣಕ್ಕೆ ಸುಬಾಬುಲ್, ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್, ಬಳ್ಳಾರಿ ಜಾಲಿ ಸೇರಿಕೊಂಡಿದ್ದರೆ ಹೊರತೆಗೆಯಿರಿ. ನಾಗರಹೊಳೆ, ಬಂಡೀಪುರಗಳಲ್ಲಿ ಸೆನ್ನಾ ಈಗ ಆನೆ, ಜಿಂಕೆಗಳ ಮೇವಿನ ಜಾಗವನ್ನು ನುಂಗುತ್ತಿದೆ. ಅರಣ್ಯದೊಳಗೆ ಎಸೆಯಲು ವಲಯ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಅರ್ಜಿಯ ಜೊತೆ ಬೀಜಗಳ ಪಟ್ಟಿ ಲಗತ್ತಿಸಿ. ಬಯಲು ಹುಲ್ಲುಗಾವಲನ್ನು ಬರಡು ಎಂದು ಭಾವಿಸಿ ಅಲ್ಲಿ ಮರದ ಬೀಜ ಎಸೆಯಬೇಡಿ. ಹುಲ್ಲೇ ಅಲ್ಲಿನ ಕಾಡು.

ಹಂತ 5: ಊರಿನವರು ಸೇರಿ ಕೆರೆಗೆ ಮೀನು ಬಿಡುವಾಗ

ಕೆರೆ ಯಾರದು ಎಂಬುದನ್ನು ಮೊದಲು ಕೇಳಿ: ಗ್ರಾಮ ಪಂಚಾಯಿತಿಯದೋ, ಸಣ್ಣ ನೀರಾವರಿ ಇಲಾಖೆಯದೋ, ನಗರಪಾಲಿಕೆಯದೋ? ಮೀನು ಹಿಡಿಯುವ ಹಕ್ಕು ಬಹುಶಃ ಗುತ್ತಿಗೆಯಲ್ಲಿರುತ್ತದೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, ಯಾವ ಮರಿ, ಎಷ್ಟು, ಯಾವ ಸಾಕಣೆ ಕೇಂದ್ರದಿಂದ ಎಂದು ಬರೆದು ಒಪ್ಪಿಗೆ ಪಡೆಯಿರಿ.

ಆಫ್ರಿಕನ್ ಕ್ಯಾಟ್‌ಫಿಶ್ ಅನ್ನು ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಅದರ ಸಾಕಣೆಯನ್ನು ದೇಶದಲ್ಲಿ 2000ದಲ್ಲೇ ನಿಷೇಧಿಸಲಾಗಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇರುವ ದಾಸ್ತಾನನ್ನು ನಾಶಪಡಿಸಲು 2019ರಲ್ಲಿ ಹೇಳಿತು. ಗಾಳಿಯನ್ನೇ ಉಸಿರಾಡಬಲ್ಲ, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ಹೊಂಡ ಸೇರಬಲ್ಲ ಮೀನು ಅದು. ಕಳ್ಳಸಾಕಣೆಯ ಹೊಂಡಗಳಲ್ಲಿ ಅದಕ್ಕೆ ಹಾಕುವುದು ಹೆಚ್ಚಾಗಿ ಕಸಾಯಿಖಾನೆಯ ತ್ಯಾಜ್ಯ. ಮಳೆಗೆ ಹೊಂಡ ಒಡೆದರೆ ಮೀನು, ಕೊಳಕು ಎರಡೂ ಹಳ್ಳಕ್ಕೆ ಸೇರುತ್ತವೆ.

ಸೊಳ್ಳೆ ನಿಯಂತ್ರಣಕ್ಕೆ ಎಂದು ಗಂಬೂಸಿಯಾ ಮತ್ತು ಗಪ್ಪಿ ಬಿಡುವುದು ಇನ್ನೊಂದು ವಾಡಿಕೆ. ಗಂಬೂಸಿಯಾ ಭಾರತಕ್ಕೆ ಬಂದದ್ದು 1928ರಲ್ಲಿ, ಮಲೇರಿಯಾ ತಡೆಯಲೆಂದೇ. ಅದು ಸೊಳ್ಳೆಮರಿಯ ಜೊತೆಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿನ್ನುತ್ತದೆ, ಜಗತ್ತಿನ ನೂರು ಅತಿ ಹಾನಿಕಾರಕ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿದೆ. ಸೊಳ್ಳೆಮರಿ ತಿನ್ನುವ ಅಪ್ಲೊಚೈಲಸ್ ಕುಲದ ಪುಟ್ಟ ಮೀನುಗಳು ನಮ್ಮ ಹಳ್ಳಗಳಲ್ಲೇ ಇವೆ. ಆರೋಗ್ಯ ಸಿಬ್ಬಂದಿ ಗಂಬೂಸಿಯಾ ಡಬ್ಬಿಯೊಂದಿಗೆ ಬಂದಾಗ ಈ ಮಾತನ್ನು ವಿನಯದಿಂದ, ಲಿಖಿತವಾಗಿ ಮುಂದಿಡಿ.

ಈಗ ಆ ನಾಲ್ಕನೇ ಗುಂಪಿನ ಕಥೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಮೀನು ಒಂದಾಳು ಎತ್ತಲಾರದಷ್ಟು ತೂಗುತ್ತಿತ್ತು. ಮೀನಿನ ಸಂಖ್ಯೆ ಹೆಚ್ಚಿಸುವ ಸದುದ್ದೇಶದಿಂದಲೇ ಕಾವೇರಿಗೆ ದಶಕಗಳ ಕಾಲ ಮರಿಗಳನ್ನು ತಂದು ಬಿಟ್ಟರು. ತಂದದ್ದು ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಮಹಶೀರ್, ಟಾರ್ ಖುದ್ರೀ. ಹೊಸದು ನದಿ ತುಂಬಿತು, ಗೂನುಬೆನ್ನಿನದು ಕಾಣದಾಗುತ್ತಾ ಬಂತು. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ತಜ್ಞರು ಖಚಿತಪಡಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಕೆಂಪುಪಟ್ಟಿ ಸೇರಿತು. ಹೆಸರು ಖಚಿತವಾಗುವ ಹೊತ್ತಿಗೇ ಅಳಿವಿನ ಅಂಚು ತಲುಪಿತ್ತು.

62ಎ ಸೆಕ್ಷನ್ ಈ ಅನ್ಯಾಯವನ್ನು ತಡೆಯಲಾರದು. "ಭಾರತದ ಮೂಲದ್ದಲ್ಲದ" ಎಂಬ ಮಾತಿನ ಹೊರಗೆ ನೀಲಿರೆಕ್ಕೆಯ ಮಹಶೀರ್ ನಿಲ್ಲುತ್ತದೆ, ಅದು ಭಾರತದ್ದೇ. ನದಿಗಳಿಗೆ ದೇಶದ ಗಡಿ ಗೊತ್ತಿಲ್ಲ, ಕೊಳ್ಳದ ಗಡಿ ಗೊತ್ತಿದೆ. ಹಾಗಾಗಿ ಮೀನುಮರಿ ಬಿಡುವ ಯಾವುದೇ ಕಾರ್ಯಕ್ರಮದಲ್ಲಿ "ದೇಶೀಯವೇ?" ಎಂದು ಕೇಳಿ ಸುಮ್ಮನಾಗಬೇಡಿ. "ಈ ಕೊಳ್ಳದ್ದೇ?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಉದ್ದೇಶಪೂರ್ವಕ ಬಿಡುಗಡೆಗೆ ಸರಿಯಾದ ಕ್ರಮವೇ ಇಲ್ಲವೆಂದಲ್ಲ. ಪಪ್ಪಾಯಿ ಹಿಟ್ಟುತಿಗಣೆ ದಕ್ಷಿಣ ಭಾರತದ ತೋಟಗಳನ್ನು ಹಾಳುಮಾಡುತ್ತಿದ್ದಾಗ, ಅದನ್ನು ಮಾತ್ರ ಆಶ್ರಯಿಸುವ ಅಸೆರೋಫೇಗಸ್ ಪಪಾಯೆ ಎಂಬ ಸಣ್ಣ ಪರಾವಲಂಬಿ ಕಣಜವನ್ನು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿನ ಸಂಶೋಧನಾ ಸಂಸ್ಥೆಗೆ ಅನುಮತಿ ಪಡೆದು ತಂದರು. ಕ್ವಾರಂಟೈನ್‌ನಲ್ಲಿಟ್ಟು ಪರೀಕ್ಷಿಸಿದ ಮೇಲೆಯೇ ಹೊರಗೆ ಬಿಟ್ಟರು. ಪಾರ್ಥೇನಿಯಂ ಎಲೆ ತಿನ್ನುವ ಮೆಕ್ಸಿಕೊದ ಜೀರುಂಡೆ 1980ರ ದಶಕದಲ್ಲಿ ಬಂದದ್ದೂ ಇದೇ ದಾರಿಯಲ್ಲಿ. ಆದರೂ ಅದು ಸೂರ್ಯಕಾಂತಿ ಗಿಡಗಳ ಮೇಲೆ ಕಂಡಾಗ ದೊಡ್ಡ ಆತಂಕವೇ ಎದ್ದಿತು. ಹೊರಗಿನ ಜೀವಿಯನ್ನು ತಂದು ಬಿಡಬಹುದೇ ಎಂಬ ಪ್ರಶ್ನೆಗೆ ಸರ್ಕಾರವೂ ಉತ್ತರಿಸಬೇಕಾಗುತ್ತದೆ: ಆಫ್ರಿಕಾದ ಚೀತಾ ತರುವ ನಿರ್ಧಾರವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ರದ್ದುಪಡಿಸಿತ್ತು, 2020ರಲ್ಲಿ ಪ್ರಾಯೋಗಿಕವಾಗಿ ಒಪ್ಪಿತು, 2022ರ ಸೆಪ್ಟೆಂಬರ್‌ನಲ್ಲಿ ಮಧ್ಯಪ್ರದೇಶದ ಕೂನೋ ರಾಷ್ಟ್ರೀಯ ಉದ್ಯಾನಕ್ಕೆ ಪ್ರಾಣಿಗಳು ಬಂದವು.

ಹಂತ 6: ಈಗಾಗಲೇ ಬಿಟ್ಟಾಗಿದ್ದರೆ, ಅಥವಾ ಯಾರೋ ಬಿಟ್ಟದ್ದು ಕಂಡರೆ

ಮೊದಲ ಕೆಲವು ದಿನಗಳು ಅಮೂಲ್ಯ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖತಜ್ಞ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಬೆರಳೆಣಿಕೆಯ ದೈತ್ಯ ಬಸವನಹುಳುಗಳು ಅಲ್ಲಿನ ತೋಟವೊಂದನ್ನು ಸೇರಿದವು. ಅಂದು ಆರಿಸಿ ತೆಗೆದಿದ್ದರೆ ಒಂದು ಬುಟ್ಟಿಯ ಕೆಲಸ. ಇಂದು ಅವು ಕೊಡಗಿನ ಕಾಫಿ ತೋಟದವರಿಗೂ ಗೋಳು ತಂದಿವೆ. ಈ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರ ಮಿದುಳಿಗೆ ತಗಲುವ ಪರಾವಲಂಬಿ ಹುಳು ಅದರಲ್ಲಿರಬಹುದು.

ಕಂಡ ಜಾಗದ ನಿಖರ ಗುರುತನ್ನು ಮೊಬೈಲ್ ನಕ್ಷೆಯಲ್ಲಿ ಉಳಿಸಿಕೊಳ್ಳಿ. ಫೋಟೊ, ದಿನಾಂಕ, ಸಮಯ, ಸುಮಾರು ಸಂಖ್ಯೆ ಬರೆದಿಡಿ. ಪೂರ್ತಿ ತಿಳಿಯದ ಜೀವಿಯನ್ನು ಕೊಲ್ಲಬೇಡಿ. ಎಷ್ಟೋ ನಮ್ಮದೇ ಆಮೆಗಳು, ಹಾವುಗಳು ವಿದೇಶಿ ಎಂಬ ತಪ್ಪುಗುರುತಿನಿಂದ ಪ್ರಾಣ ಕಳೆದುಕೊಂಡಿವೆ. ಕಾಯ್ದೆಯ ಭಾಷೆಯಲ್ಲಿ "ಬೇಟೆ" ಎಂದರೆ ಹಿಡಿಯುವುದೂ ಸೇರಿದೆ ಎಂಬುದು ನೆನಪಿರಲಿ. ನೀರಿಗೆ ವಿಷ, ಕಾಡಿಗೆ ಕಳೆನಾಶಕ ಎಂಬ ಯೋಚನೆಯೂ ಬೇಡ. ಅಭಯಾರಣ್ಯದಲ್ಲಿ ವನ್ಯಜೀವಿಗೆ ಹಾನಿ ತರುವ ರಾಸಾಯನಿಕ ಬಳಸುವುದನ್ನು ಸೆಕ್ಷನ್ 32 ಸಾರಾಸಗಟಾಗಿ ನಿಷೇಧಿಸಿದೆ.

ಹಂತ 7: ಬರೆದು ಕೊಡಿ

ಫೋನಿನ ಮಾತು ಗಾಳಿಗೆ ಹೋಗುತ್ತದೆ. ಕಾಡು, ಅಭಯಾರಣ್ಯ ಅಥವಾ ವನ್ಯಪ್ರಾಣಿಯ ವಿಷಯವಾದರೆ ವಲಯ ಅರಣ್ಯಾಧಿಕಾರಿಗೆ, ಪ್ರತಿಯನ್ನು ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಬರೆಯಿರಿ. ಕೆರೆಯ ಮೀನಾದರೆ ಮೀನುಗಾರಿಕೆ ಇಲಾಖೆಗೆ. ಜಮೀನಿನ ಕಳೆ, ಬಸವನಹುಳುವಾದರೆ ಕೃಷಿ ಅಥವಾ ತೋಟಗಾರಿಕೆ ಇಲಾಖೆಗೆ. ಎಲ್ಲದರ ಒಂದು ಪ್ರತಿ ನಿಮ್ಮ ಪಂಚಾಯಿತಿ ಅಥವಾ ನಗರಸಭೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಹೋಗಲಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಈ ಸಮಿತಿ ಇರಬೇಕು. ಇಲ್ಲದಿದ್ದರೆ ರಚಿಸಿ ಎಂದು ಕೇಳಲು ಇದೇ ಸಂದರ್ಭ.

ಒಕ್ಕಣೆ ಇಷ್ಟು ಸರಳವಾಗಿರಲಿ:

"ಮಾನ್ಯರೇ, ದಿನಾಂಕ ____ರಂದು ಬೆಳಿಗ್ಗೆ ____ ಗಂಟೆಗೆ ____ ಕೆರೆಯ ಪೂರ್ವದ ದಂಡೆಯಲ್ಲಿ ಕೆಂಪು ಕಿವಿಯ ಆಮೆಗಳೆಂದು ಕಾಣುವ ನಾಲ್ಕು ಪ್ರಾಣಿಗಳನ್ನು ನೋಡಿದ್ದೇನೆ. ಫೋಟೊ ಮತ್ತು ಸ್ಥಳದ ಗುರುತನ್ನು ಲಗತ್ತಿಸಿದ್ದೇನೆ. ಇವು ನಮ್ಮ ದೇಶದ ಮೂಲದವಲ್ಲ. ಸ್ಥಳ ಪರಿಶೀಲಿಸಿ, ಗುರುತನ್ನು ಖಚಿತಪಡಿಸಿ, ಹಿಡಿದು ಸೂಕ್ತ ಕೇಂದ್ರಕ್ಕೆ ಸಾಗಿಸಬೇಕೆಂದು ಕೋರುತ್ತೇನೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕು."

ಬಿಟ್ಟವರ ಹೆಸರನ್ನು ಊಹೆಯ ಮೇಲೆ ಬರೆಯಬೇಡಿ. ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕದ ಸ್ವೀಕೃತಿ ಪಡೆಯಿರಿ. ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆ ಸ್ವೀಕೃತಿಯ ದಿನಾಂಕ ನಮೂದಿಸಿ ಕ್ರಮದ ವಿವರ ಕೇಳಿ.

ಕಾಡಿನ ಕಳೆ ಕೀಳಲು ಸ್ವಯಂಸೇವಕರಾಗಿ ಹೋಗುವವರಿಗೂ ಅರಣ್ಯ ಇಲಾಖೆಯ ಅನುಮತಿ ಪತ್ರ ಬೇಕು. ಸದುದ್ದೇಶವಿದ್ದರೂ ಅಭಯಾರಣ್ಯದಿಂದ ಒಂದು ಕಡ್ಡಿಯನ್ನೂ ಸುಮ್ಮನೆ ತೆಗೆಯುವಂತಿಲ್ಲ. ಅನುಮತಿ ಸಿಕ್ಕ ಮೇಲೆ ಲಂಟಾನವನ್ನು ಬುಡದಿಂದ ಮೇಲಕ್ಕೆ ಕಡಿಯಬೇಡಿ, ಅದು ಮತ್ತಷ್ಟು ಕವಲೊಡೆಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ ನೆಲಮಟ್ಟಕ್ಕಿಂತ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರನ್ನು ಕಡಿದು, ಇಡೀ ಪೊದೆಯನ್ನು ಎತ್ತಿ, ಬೇರು ಮೇಲಾಗುವಂತೆ ತಲೆಕೆಳಗಾಗಿ ಇಡುತ್ತಾರೆ. ಹೀಗಿಟ್ಟರೆ ಅದು ಮತ್ತೆ ನೆಲ ಹಿಡಿಯುವುದಿಲ್ಲ. ಹಕ್ಕಿಗಳು ಉದುರಿಸಿದ ಬೀಜಗಳು ಮೊದಲ ಮಳೆಗೆ ಅದೇ ಜಾಗದಲ್ಲಿ ಹುಟ್ಟುತ್ತವೆ. ಆದ್ದರಿಂದ ಅನುಮತಿಯನ್ನು ಒಂದು ದಿನಕ್ಕೆ ಕೇಳದೆ ಮೂರು ವರ್ಷಗಳ ಮಳೆಗಾಲಕ್ಕೆ ಕೇಳಿ.